ಗಂಟು ಮಾತ್ರ

ಒದ್ದೆ ಬೆಡ್‌ಶೀಟಿನ ಒಂದು ತುದಿ ತಂತಿಗೆ ಸಿಕ್ಕಿತು, ಇನ್ನೊಂದಕ್ಕೆ ಎಡಗೈ ಎತ್ತಬೇಕು, ಎತ್ತಿದರೆ ಕಂಕುಳ ಹತ್ತಿರ ಚುಳ್ಳೆನ್ನುತ್ತದೆ, ಪರೀಕ್ಷೆಗೆ ಸೂಜಿ ಹಾಕಿ ಚೂರು ತೆಗೆದ ಜಾಗ, ಅನ್ನಲಿ, ಚುಳ್ಳೆಂದರೆ ಮೈ ಇನ್ನೂ ನನ್ನದೇ ಅಂತ ತಾನೆ — ಎತ್ತಿದಳು, ಕ್ಲಿಪ್ಪು ಕಚ್ಚಿಸಿದಳು, ಶೀಟು ಗಾಳಿ ತುಂಬಿಕೊಂಡು ಮುಖಕ್ಕೆ ಬಡಿಯಿತು. ಲಾಡ್ಜಿನವು ಇವು, ಸಂಜೆಯೊಳಗೆ ಇಸ್ತ್ರಿಯಾಗಿ ಹೋಗಬೇಕು, ಗಂಡ ಹೋದ ಮೇಲೂ ಈ ಲಾಂಡ್ರಿಯ ಬಾಗಿಲು ಮುಚ್ಚಿದವಳಲ್ಲ, ಈಗ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕಂಡದ್ದೇ ಮನೆಯವರಿಗೆಲ್ಲ ಯಜಮಾನಿಕೆ ಬಂದುಬಿಟ್ಟಿದೆ. ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳುವುದಿಲ್ಲ ಯಾರೂ, ಅದು ಅಂತಾರೆ, ಅದು ಹೇಗಿದೆ, ಅದಕ್ಕೆ ಏನು ಮಾಡ್ತೀಯ. ಪೂರ್ತಿ ತೆಗೆಸಿಬಿಡಮ್ಮ, ಪೀಡೆ ಹೋಗ್ಲಿ, ಅಂದ ಮಗ, ತಟ್ಟೆಯಿಂದ ತಲೆ ಎತ್ತದೆ. ಮೊಮ್ಮಕ್ಕಳಾದ್ಮೇಲೆ ಇಟ್ಕೊಂಡು ಏನ್ ಮಾಡ್ತೀರಿ ಅತ್ತಿಗೆ, ಅಂದಳು ನಾದಿನಿ, ಒಂದು ಹಲ್ಲು ಅಲ್ಲಾಡಿದಾಗ ನೀನು ಬಾಯಿ ಪೂರ್ತಿ ಖಾಲಿ ಮಾಡಿಸಿದೆಯೇನೇ, ಇವಳಂದದ್ದಕ್ಕೆ ಲೋಟ ಕುಕ್ಕಿ ಎದ್ದು ಹೋದಳು, ಹೋಗಲಿ, ನೆಗಡಿ ಬಂತೆಂದು ಮೂಗು ಕೊಯ್ಯುವ ಜಾತಿ — ಇದು ನೆಗಡಿಯಲ್ಲ, ಗೊತ್ತು, ರಾತ್ರಿಯೆಲ್ಲ ಗೊತ್ತಿರುತ್ತದೆ. ಸುತ್ತಿಬಳಸದೆ ಹೇಳಿದವರು ಡಾಕ್ಟರಮ್ಮ ಒಬ್ಬರೇ, ಕೋಲಿನ ತುದಿಯಲ್ಲಿ ನಿಂಬೆಹಣ್ಣಿನಷ್ಟು ಉರುಟಾದದ್ದೊಂದನ್ನು ಚಿತ್ರದಲ್ಲಿ ತೋರಿಸಿ, ಗಂಟನ್ನಷ್ಟೇ ತೆಗೀತೀವಿ, ತೆಗೆದ ಗುಂಡಿಯೊಳಗೆ ಆಪರೇಷನ್ ಟೇಬಲ್ ಮೇಲೇ ಇದನ್ನಿಟ್ಟು ವಿಕಿರಣ ಕೊಡ್ತೀವಿ, ಅರ್ಧ ಗಂಟೆ, ಆಮೇಲೆ ಹೊರಗೆ ತೆಗೆದು ಹೊಲಿಗೆ, ವಿಕಿರಣಕ್ಕೇಂತ ವಾರಗಟ್ಟಲೆ ದಿನಾ ಆಸ್ಪತ್ರೆಗೆ ಓಡಾಡೋದು ತಪ್ಪಬಹುದು, ತಪ್ಪಬಹುದು ಅಂದೆ ಅಮ್ಮ, ತಪ್ಪುತ್ತೆ ಅನ್ನಲಿಲ್ಲ, ತೆಗೆದದ್ದನ್ನ ಪರೀಕ್ಷೆ ಮಾಡಿದಾಗ ಬೇರೇನಾದ್ರೂ ಕಂಡ್ರೆ ಓಡಾಟಾನೂ ಬೇಕಾಗುತ್ತೆ. ಪೂರ್ತಿ ತೆಗೆಸಿದ್ರೆ ಹೆಚ್ಚು ಬದುಕ್ತೀನಾ? ನಿಮ್ಮಂಥ ಸಣ್ಣ ಗಂಟಿಗೆ ಹಾಗೇನಿಲ್ಲ. ಮತ್ತೆ ವಿಕಿರಣ ಬಿಡೋವಾಗ ನೀವೆಲ್ಲ? ಮರೆಗೆ ಸರೀತೀವಿ, ಅಲ್ಲಿಂದಲೇ ನಿಮ್ಮ ಉಸಿರು ನೋಡ್ತಿರ್ತೀವಿ. ನಕ್ಕಿದ್ದಳು ಆಗ, ಎಲ್ಲರೂ ಮರೆಗೆ, ಟೇಬಲ್ಲಿನ ಮೇಲೆ ಇವಳೊಬ್ಬಳು, ಇವಳೊಳಗೆ ಆ ಉರುಟು ಅದೊಂದು, ಇಬ್ಬರೂ ಎದುರಾಬದುರಾ, ಬಾ ಮಗನೇ ನೋಡೇಬಿಡೋಣ. ಯೋಚಿಸಿ, ನಿಮ್ಮ ಇಷ್ಟ ಬರೆದು ಕಳಿಸಿ, ಆ ಯಂತ್ರಕ್ಕೆ ಮುಂಚಿತವಾಗಿ ದಿನ ಗೊತ್ತುಮಾಡ್ಬೇಕು, ಅಂದಿದ್ದರು ಡಾಕ್ಟರಮ್ಮ. ಬರೆದದ್ದು ಅವತ್ತೇ, ಗಂಟು ಮಾತ್ರ ತೆಗೆಯಿರಿ, ಉಳಿದದ್ದು ನನಗೆ ಬೇಕು, ಅಂಚೆಚೀಟಿಯೂ ಅಂಟಿಸಿ ಇಸ್ತ್ರಿ ಮೇಜಿನ ಶೀಟುಗಳ ಕೆಳಗೆ ಇಟ್ಟದ್ದು, ಇಟ್ಟೇ ಇದ್ದದ್ದು, ಮಗ ಹೂಂ ಅನ್ನಲಿ ಅಂತ, ಹೇಡಿ, ತಾನೇ ಹೆತ್ತ ಮಗನ ಹೂಂ ಎಂಬ ಒಂದಕ್ಷರಕ್ಕೆ ಕಾದ ಹೇಡಿ — ಶೀಟುಗಳ ಆಚೆ ಸ್ಕೂಟರ್ ನಿಂತಿತು, ಅವನೇ, ಅಮ್ಮಾ, ಆಸ್ಪತ್ರೆಗೆ ಫೋನ್ ಮಾಡ್ತಿದೀನಿ, ಪೂರ್ತಿ ತೆಗೆಯೋಕೆ ದಿನ ಕೇಳ್ತೀನಿ, ನೀನು ಸುಮ್ನಿರು. ಒದ್ದೆ ಕೈ ಸೆರಗಿಗೆ ಒರೆಸಿದಳು, ಒಳಗೆ ಹೋದಳು, ಶೀಟುಗಳನ್ನು ಎತ್ತಿ ಕೆಳಗಿದ್ದ ಕವರು ತೆಗೆದುಕೊಂಡಳು, ಬೀದಿಗಿಳಿದಳು, ಅವನು ಫೋನು ಹಿಡಿದೇ ಹಿಂದೆ, ಏನದು ಕವರು, ಅಮ್ಮಾ ನಿಲ್ಲು, ನಾಳೆ ಕೂತು ಯೋಚ್ನೆ ಮಾಡೋಣ — ನಾಳೆ ನೀನು ಮಾಡಪ್ಪ, ನಂದು ಮುಗೀತು. ನಂಗೆ ಭಯ ಆಗುತ್ತಮ್ಮ, ನಂಗೆ ನೀನು ಬೇಕು, ಅವನ ದನಿ ಒಡೆಯಿತು, ಎಂದೂ ಒಡೆಯದ್ದು, ಇವಳ ಕಾಲು ತಡೆಯಿತು ಒಂದು ಗಳಿಗೆ, ನಾನು ಬೇಕು ಅಂದ್ರೆ ನನ್ನ ಮಾತೂ ಬೇಕು ಕಣೋ, ಬಾ, ಜೊತೆಗೆ ಬರೋದಾದ್ರೆ ಬಾ, ಬಂದ, ಮೂಗೊರೆಸಿಕೊಳ್ಳುತ್ತ, ತಿರುವಿನ ಅಂಚೆಡಬ್ಬಿಯವರೆಗೂ ಬಂದ, ಎಡಗೈಯಿಂದಲೇ ಹಾಕುತ್ತೇನೆ, ಚುಳ್ಳೆನ್ನಲಿ, ಎತ್ತಿದಳು, ಬಿಟ್ಟಳು — ಕವರು ತಳಕ್ಕೆ ಬಿದ್ದ ಸದ್ದು, ಖಾಲಿ ಡಬ್ಬಿ, ಆ ಕತ್ತಲ ಗುಂಡಿಯೊಳಗೆ ಅದೊಂದೇ, ಅದೊಂದೇ