ಎಲ್ಲರಿಗೂ ತಾಗುವ ಏಟು

ಅಕ್ಕ ಅದನ್ನು ಹೇಳಿದ್ದು ಬೆಡ್‌ಶೀಟ್ ಮಡಚುವಾಗ. ಎದುರುಬದುರು ನಿಂತು, ಇಬ್ಬರೂ ಎರಡೆರಡು ಮೂಲೆ ಹಿಡಿದು ಜಗ್ಗಿ, ಅವಳು ನನ್ನ ಕಡೆ ನಡೆದುಬಂದು ತನ್ನ ಮೂಲೆಗಳನ್ನು ನನ್ನ ಕೈಗೆ ಕೊಡುತ್ತಾಳಲ್ಲ, ಸರಿಯಾಗಿ ಆ ಹೊತ್ತಿಗೆ.

"ಈ ಭಾನುವಾರ ನಾನು ಅವರ ಜೊತೆ ಆಡ್ತೀನಿ ಕಣೋ."

"ಯಾರ ಜೊತೆ?"

"ಯಾರ ಜೊತೆ ಅಂದ್ರೆ? ನಿನ್ನ ಭಾವನ ಜೊತೆ."

ಶೀಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಲಾಂಡ್ರಿಯ ಇಸ್ತ್ರಿ ರೋಲರ್‌ನಿಂದ ಆಗಷ್ಟೇ ಬಿಸಿಬಿಸಿಯಾಗಿ ಹೊರಬಂದ ಆಸ್ಪತ್ರೆಯ ಶೀಟು. ಒಗೆಯುವ ಮಿಷನ್ನುಗಳ ಕಡೆಯಿಂದ ನಮ್ಮ ಜೊತೆ ಕೆಲಸ ಮಾಡುವ ಬೋಳ ಕೂಗಿದ, "ಬೀಳಿಸು ಬೀಳಿಸು, ಮತ್ತೆ ಒಗೆಯೋನು ನಾನೇ ತಾನೆ!"

"ಮದುವೆನೇ ಆಗಿಲ್ಲ, ಭಾವ ಅಂತೆ ಭಾವ," ಅಂದೆ.

ಅಕ್ಕ ಶೀಟು ಎತ್ತಿ ಬೋಳನ ಬುಟ್ಟಿಗೆ ಎಸೆದು ಮುಂದಿನದನ್ನು ಹಿಡಿದಳು.

ಭಾನುವಾರ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಮ್ಮ ಲಾಂಡ್ರಿಯ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿಯ ಮೇಲೊಂದು ಗೇಮ್ ಅಂಗಡಿ ಇದೆ. ತಿಂಗಳಿಗೊಂದು ಭಾನುವಾರ ಅಲ್ಲಿ ಮಾನ್‌ಸ್ಟರ್ ಗೇಮಿನ ಜೋಡಿ ಪಂದ್ಯ. ಈ ಕಡೆ ಇಬ್ಬರು, ಆ ಕಡೆ ಇಬ್ಬರು. ಒಬ್ಬೊಬ್ಬರು ಎರಡು ಮಾನ್‌ಸ್ಟರ್ ತರಬಹುದು. ಒಂದನ್ನು ಇಳಿಸಬೇಕು, ಅದು ಬಿದ್ದರೆ ಇನ್ನೊಂದು. ಪ್ರತಿ ಸಲ ನಾಲ್ವರೂ ತಮ್ಮ ಏಟು ಗುಟ್ಟಾಗಿ ಒತ್ತುತ್ತಾರೆ, ಸ್ಪೀಡು ಜಾಸ್ತಿ ಇರುವುದು ಮೊದಲು ಹೊಡೆಯುತ್ತೆ. ಗೆದ್ದ ಜೋಡಿಯ ಫೋಟೋ ಗೋಡೆಗೆ ಹಾಕುತ್ತಾರೆ. ಆ ಗೋಡೆ ನೋಡಿದರೆ ನಾನು, ಅಕ್ಕ, ನಾನು, ಅಕ್ಕ, ನಡುವೆ ಯಾರೋ ಗೊತ್ತಿಲ್ಲದ ಅಣ್ಣತಮ್ಮಂದಿರು, ಮತ್ತೆ ನಾನು, ಅಕ್ಕ. ಶಾಲೆಯಲ್ಲಿ ನನ್ನ ಹೆಸರು ಗೋಡೆ ಮೇಲೆ ಬಂದದ್ದು ಹೊರಗೆ ಹಾಕುವಾಗ ಮಾತ್ರ. ಇಲ್ಲಿ ನನ್ನ ಮುಖವೇ ಇತ್ತು, ಹಲ್ಲು ಬಿಟ್ಟುಕೊಂಡು.

ಆ ಫೋಟೋಗಳೆಲ್ಲ ಬಂದದ್ದು ಕಿಡಿಯಿಂದ. ಕಿಡಿ ನನ್ನ ಮಾನ್‌ಸ್ಟರ್. ನರಿಯಂಥ ಮೂತಿ, ಕಡ್ಡಿಯಂಥ ಕಾಲು, ಮೈತುಂಬ ನೀಲಿ ಮಿಂಚು. ಮೈಮೇಲೆ ಬಿದ್ದು ಗುದ್ದಾಡುವ ಜಾತಿಯದಲ್ಲ, ದೂರ ನಿಂತು ಸಿಡಿಲು ಎಸೆಯುವಂಥದ್ದು. ಅದಕ್ಕೆ ಸ್ಪೆಷಲ್ ಅಟ್ಯಾಕ್ ಅಂತಾರೆ. ಸ್ಪೀಡು ಎಷ್ಟೆಂದರೆ ಎದುರಿನವನು ಉಸಿರು ಎಳೆದುಕೊಳ್ಳುವುದರೊಳಗೆ ಇದು ಹೊಡೆದು ಮುಗಿಸಿರುತ್ತೆ. ಆದರೆ ಮೈಯಲ್ಲಿ ಕಸುವಿಲ್ಲ. ಯಾರಾದರೂ ಜೋರಾಗಿ ಒಂದು ಕೊಟ್ಟರೆ ಅಲ್ಲೇ ಮಲಗುತ್ತೆ. ಹಾಗಾಗಿ ಮೊದಲು ಹೊಡೆಯಬೇಕು, ಸಾಯೋ ಹಾಗೆ ಹೊಡೆಯಬೇಕು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ್ದು.

ಅದರ ದೊಡ್ಡ ಏಟು ಮಹಾಸಿಡಿಲು. ಅದು ಎಲ್ಲರಿಗೂ ತಾಗುತ್ತೆ. ಎದುರಿನ ಇಬ್ಬರಿಗೂ, ಪಕ್ಕದಲ್ಲಿ ನಿಂತ ನಮ್ಮವನಿಗೂ. ಅಕ್ಕನ ಹತ್ತಿರ ಹಂಡೆ ಅಂತ ಒಂದು ದಪ್ಪ ಕಪ್ಪೆ ಇದೆ. ನಾನು ಮಹಾಸಿಡಿಲು ಒತ್ತುವ ಸಲ ಅಕ್ಕ ಹಂಡೆಗೆ ಕವಚ ಹಾಕುತ್ತಿದ್ದಳು. ಕವಚ ಎಲ್ಲ ಏಟಿಗಿಂತ ಮೊದಲೇ ಬರುತ್ತೆ, ಹಾಕಿದ ಮಾನ್‌ಸ್ಟರಿಗೆ ಆ ಒಂದು ಸಲ ಯಾವ ಏಟೂ ತಾಗಲ್ಲ, ಆದರೆ ಸಾಲಾಗಿ ಎರಡು ಸಲ ಹಾಕೋ ಹಾಗಿಲ್ಲ. ನಾನು ಅವಳಿಗೆ ಯಾವತ್ತೂ ಬಾಯಿಬಿಟ್ಟು ಹೇಳಿದ್ದಿಲ್ಲ, ಅವಳು ಕೇಳಿದ್ದೂ ಇಲ್ಲ. ಅವಳಿಗೆ ಹೇಗೋ ಗೊತ್ತಾಗುತ್ತಿತ್ತು.

ಈಗ ಅವಳ ಪಕ್ಕದಲ್ಲಿ ಆ ಕನ್ನಡಕದವನು ಕೂರುತ್ತಾನಂತೆ.

ಅವನಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಗಾಜು ಉಜ್ಜಿ ಫ್ರೇಮಿಗೆ ಕೂರಿಸೋದು. ಮಾತಾಡಿದರೆ ಹತ್ತಿಯಲ್ಲಿ ಸುತ್ತಿ ಕೊಟ್ಟ ಹಾಗೆ ಮಾತಾಡುತ್ತಾನೆ. ಮನೆಗೆ ಬಂದ ಮೊದಲ ದಿನವೇ ಅಮ್ಮನ ಕನ್ನಡಕದ ಸಡಿಲ ಸ್ಕ್ರೂ ಬಿಗಿ ಮಾಡಿಕೊಟ್ಟ. ಅಮ್ಮ ಅವನನ್ನು ತಲೆ ಮೇಲೆ ಕೂರಿಸಿಕೊಂಡಳು. ಆ ಸ್ಕ್ರೂ ಸಡಿಲ ಆಗಿದೆ ಅಂತ ನನಗೆ ಒಂದು ಮಾತು ಹೇಳಿದ್ದರೆ ನಾನು ಮಾಡಿಕೊಡುತ್ತಿರಲಿಲ್ಲವಾ? ಅಕ್ಕ ಅವನಿಗೆ ಗೇಮ್ ಕಲಿಸಿದಳು. ಸೋಫಾದ ಮೇಲೆ ನನ್ನ ಜಾಗದಲ್ಲಿ ಕೂರಿಸಿಕೊಂಡು, ನನಗೆ ಕಲಿಸಿದ ಹಾಗೇ, ಅದೇ "ಅಯ್ಯೋ ದಡ್ಡ" ಅಂತ ಬೈದುಕೊಂಡು. ನನ್ನ ಬೈಗುಳವನ್ನೂ ಅವನಿಗೆ ಕೊಟ್ಟಳು. ಅವನು ಸಾಕಿದ್ದು ಒಂದು ಕರಡಿ. ಮೈಮೇಲೆ ಪಾಚಿ, ಕಣ್ಣಲ್ಲಿ ನಿದ್ದೆ. ಅವನ ಹಾಗೇ.

"ಅದರ ಸ್ಪೀಡ್ ನೋಡಿದ್ಯಾ? ಅದು ಎದ್ದು ಬರೋ ಹೊತ್ತಿಗೆ ಪಂದ್ಯ ಮುಗಿದು ಅಂಗಡಿ ಬಾಗಿಲು ಹಾಕಿರ್ತಾರೆ," ಅಂದೆ ಒಂದು ದಿನ.

ಅವನು ನಕ್ಕ. "ಹೌದು ಕಣಪ್ಪ, ನಂದು ಸ್ವಲ್ಪ ನಿಧಾನ. ನಿನ್ನ ಕಿಡಿ ನೋಡಿದ್ರೆ ಭಯ ಆಗತ್ತೆ."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹೊಗಳಿಬಿಟ್ಟ. ಮೈಯೆಲ್ಲ ಉರಿದುಹೋಯಿತು.

ನನಗೆ ಸಿಕ್ಕ ಜೊತೆಗಾರ ಬೋಳ. ಅವನ ಹತ್ತಿರ ಒಂದು ಏಡಿ ಇತ್ತು. ಕೊಡಿಸಿದ್ದನ್ನು ತಿಂದುಕೊಂಡು ಹೇಳಿದ್ದನ್ನು ಮಾಡುತ್ತೇನೆ ಅಂತ ಒಪ್ಪಿಕೊಂಡ.

"ಏನಾದ್ರೂ ಪ್ಲಾನ್ ಇದ್ಯಾ?" ಅಂತ ಭಾನುವಾರ ಗೇಮ್ ಅಂಗಡಿಯ ಮೆಟ್ಟಿಲು ಹತ್ತುವಾಗ ಕೇಳಿದ.

"ಕನ್ನಡಕದವನನ್ನ ಹೊಡೀಬೇಕು."

"ಅದು ಪ್ಲಾನ್ ಅಲ್ಲ ಕಣೋ, ಕೇಸು."

ಮೊದಲ ಎರಡು ಪಂದ್ಯ ಸುಲಭವಾಗಿ ಗೆದ್ದೆವು. ಒಂದೊಂದೇ ಮಾನ್‌ಸ್ಟರನ್ನು ಆರಿಸಿ ಹೊಡೆದರೆ ಸಾಕಾಯಿತು, ಮಹಾಸಿಡಿಲು ಬೇಕಾಗಲಿಲ್ಲ. ಮೂರನೆಯದಕ್ಕೆ ಅಂಗಡಿಯ ಆಂಟಿ ಸೀಟಿ ಊದಿ ಹೆಸರು ಕರೆದಳು. ಪಂದ್ಯ ನಡೆಸುವವಳೂ ತೀರ್ಪು ಕೊಡುವವಳೂ ಅವಳೇ. ಎದುರಿಗೆ ಬಂದು ಕೂತವರು ಅಕ್ಕ ಮತ್ತು ಅವನು. ಗೆದ್ದವರು ಫೈನಲ್‌ಗೆ. ಅಕ್ಕ ಅವನ ಕಾಲರ್ ಮೇಲಿದ್ದ ದಾರ ತೆಗೆದು ಬಿಸಾಕಿದಳು. ಆ ದಾರ ಅಲ್ಲೇ ಇದ್ದಿದ್ದರೆ ಯಾರಪ್ಪನ ಗಂಟು ಹೋಗ್ತಿತ್ತು?

"ಚೆನ್ನಾಗಿ ಆಡೋಣ," ಅಂದ ಅವನು ಕೈ ಚಾಚಿ.

"ಆಡು ಆಡು," ಅಂದೆ. ಕೈ ಕೊಡಲಿಲ್ಲ.

ಈ ಕಡೆ ಕಿಡಿ, ಏಡಿ. ಆ ಕಡೆ ಹಂಡೆ, ಕರಡಿ. ಅಕ್ಕ ಅವನ ಕಿವಿಯಲ್ಲಿ ಏನೋ ಹೇಳಿದಳು. ಜೋಡಿಗಳು ತಮ್ಮತಮ್ಮಲ್ಲಿ ಪಿಸುಗುಟ್ಟಬಹುದು, ಅದಕ್ಕೆ ನಿಯಮ ಇದೆ. ಆದರೆ ಅವಳು ಹೇಳಿದ ಮೇಲೆ ಅವನು ನಕ್ಕನಲ್ಲ, ಅದಕ್ಕೆ ಯಾವ ನಿಯಮ? ನನ್ನ ಹೆಬ್ಬೆರಳು ತಾನಾಗಿ ಮಹಾಸಿಡಿಲಿನ ಮೇಲೆ ಹೋಗಿ ಒತ್ತಿತು.

ಒತ್ತಿದ ಮೇಲೆ ನೆನಪಾಯಿತು. ನನ್ನ ಪಕ್ಕದಲ್ಲಿ ಕೂತಿರುವುದು ಅಕ್ಕ ಅಲ್ಲ.

ಪರದೆ ಬೆಳ್ಳಗಾಯಿತು. ಎಲ್ಲರಿಗಿಂತ ಮೊದಲು ಕಿಡಿ. ಕರಡಿ ಮಕಾಡೆ ಬಿತ್ತು. ನೀರಿನ ಜಾತಿಯ ಏಡಿಗೆ ಸಿಡಿಲು ಇನ್ನೂ ಜಾಸ್ತಿ, ಅದು ಸುಟ್ಟು ಕರಕಲಾಯಿತು. ಹೊಗೆ ಸರಿದಾಗ ಹಂಡೆ ಮಾತ್ರ ಅಲ್ಲೇ ಕೂತಿತ್ತು, ಸುತ್ತ ಹಸಿರು ಕವಚ.

ಅಕ್ಕ ಕವಚ ಹಾಕಿದ್ದಳು. ಮೇಜಿನ ಆಚೆ ಕಡೆ ಕೂತುಕೊಂಡೂ ಅವಳಿಗೆ ಗೊತ್ತಾಗಿತ್ತು. ನನಗೆ ಒಂದು ಗಳಿಗೆ ಎಷ್ಟು ಖುಷಿಯಾಯಿತೆಂದರೆ, ಅವನ ಕಡೆ ನೋಡಿದೆ. ನೋಡೋ, ನಿನಗೆ ಇದು ಗೊತ್ತಾಯ್ತಾ? ನಿನ್ನ ಕರಡಿ ಎಲ್ಲಿ?

"ನನ್ನ ಏಡಿಯನ್ನ ಯಾಕೋ ಕೊಂದೆ!" ಬೋಳ ನನ್ನ ಭುಜ ಹಿಡಿದು ಅಲ್ಲಾಡಿಸಿದ. "ಏ ಪುಣ್ಯಾತ್ಮ, ನಾನು ಯಾವ ಪಾರ್ಟಿ ಅಂತ ಗೊತ್ತಾ ನಿಂಗೆ?"

ಕನ್ನಡಕದವನು ತನ್ನ ಎರಡನೆಯದನ್ನು ಇಳಿಸಿದ, ಒಂದು ಆಮೆ. ಬೋಳನೂ ಗೊಣಗುತ್ತ ಒಂದು ಬಾವಲಿ ಇಳಿಸಿದ. ಈಗ ಹಂಡೆಗೆ ಮತ್ತೆ ಕವಚ ಸಿಗಲ್ಲ. ಕಿಡಿ ಮೊದಲು ಹೊಡೆಯುತ್ತೆ. ಹಂಡೆಗೆ ಹೊಡೆದರೆ ಪಂದ್ಯ ಅರ್ಧ ನಮ್ಮದು. ಇದು ಅಂಗಡಿಗೆ ಮೊದಲ ದಿನ ಬಂದವನಿಗೂ ಗೊತ್ತಾಗುವ ವಿಷಯ.

"ಕಪ್ಪೆಗೆ ಹೊಡಿ," ಅಂದ ಬೋಳ. "ಕೈ ಮುಗೀತೀನಿ, ಕಪ್ಪೆಗೆ ಹೊಡಿ."

ನಾನು ಆಮೆಗೆ ಹೊಡೆದೆ. ಅವನದ್ದು ಒಂದೂ ಉಳಿಯಬಾರದಿತ್ತು. ಅವನು ಸುಮ್ಮನೆ ಎದ್ದು ನಿಂತು ಅಕ್ಕನೊಬ್ಬಳನ್ನೇ ಬಿಟ್ಟು ಹಿಂದೆ ಸರಿಯಬೇಕಿತ್ತು.

ಆಮೆ ಕವಚ ಹಾಕಿಕೊಂಡಿತ್ತು. ನನ್ನ ಏಟು ದಂಡ. ಹಂಡೆ ತನ್ನ ಹೊಟ್ಟೆ ಎತ್ತಿಕೊಂಡು ನಿಧಾನಕ್ಕೆ ಬಂದು ಕಿಡಿಯ ಮೇಲೆ ಕೂತಿತು. ಆಮೇಲೆ ನಡೆದದ್ದಕ್ಕೆ ಪಂದ್ಯ ಅನ್ನೋಕಾಗಲ್ಲ. ನನ್ನ ಎರಡನೆಯದು ಹೆಸರಿಗೆ ಮಾತ್ರ ಇತ್ತು, ಕಿಡಿ ಇರುವಾಗ ಅದು ಯಾವತ್ತೂ ಬೇಕಾಗಿರಲಿಲ್ಲ.

ಬೋಳ ಎದ್ದು ನೀರು ಕುಡಿಯೋಕೆ ಹೋದ. ನನ್ನ ಮುಖ ನೋಡಲಿಲ್ಲ. ಆಗ ಆ ಕನ್ನಡಕದ ಮಹಾನುಭಾವ ಬಾಯಿ ತೆರೆದ.

"ನೀವಿಬ್ಬರೂ ಜೊತೆಗಿದ್ರೆ ಯಾರೂ ಮುಟ್ಟೋಕಾಗಲ್ಲ ಬಿಡಪ್ಪ. ಮುಂದಿನ ತಿಂಗಳು ನೀವೇ ಆಡಿ. ನಾನು ನೋಡ್ತೀನಿ."

ನನ್ನ ಅಕ್ಕನನ್ನು ನನಗೇ ದಾನ ಕೊಡುತ್ತಿದ್ದಾನೆ! ಆದರೂ, ಮರ್ಯಾದೆ ಬಿಟ್ಟು ಹೇಳುತ್ತೇನೆ, ನಾನು ಅಕ್ಕನ ಮುಖ ನೋಡಿದೆ. ಹೂಂ ಅಂತಾಳೇನೋ ಅಂತ.

"ಇಲ್ಲ," ಅಂದಳು ಅಕ್ಕ. "ನಾನು ಇವರ ಜೊತೆನೇ ಆಡ್ತೀನಿ."

"ಯಾಕೆ? ನಾನೇನು ಮಾಡ್ದೆ? ಗೋಡೆ ಮೇಲೆ ನೋಡು, ಯಾರು ಗೆಲ್ಲಿಸಿದ್ದು ನಿನ್ನ?"

"ನೀನೇ ಗೆಲ್ಲಿಸಿದ್ದು. ನಾನೇನು ಮಾಡ್ತಿದ್ದೆ ಹೇಳು?"

"ಆಡ್ತಿದ್ದೆ."

"ಕವಚ ಹಾಕ್ತಿದ್ದೆ. ನಿನಗೆ ಸಿಟ್ಟು ಬಂದ್ರೆ ಕೆಳತುಟಿ ಕಚ್ತೀಯ. ನಿನ್ನ ತುಟಿ ನೋಡ್ಕೊಂಡು ಕವಚ ಹಾಕೋದೇ ನನ್ನ ಆಟ. ಅವರ ಏಟಿಂದ ಅಲ್ವೋ, ನಿನ್ನ ಏಟಿಂದ." ಅವಳ ದನಿ ಏರಲೇ ಇಲ್ಲ, ಅದೇ ಕಷ್ಟವಾಯಿತು. "ನನಗೂ ಹೊಡೆಯೋಕೆ ಆಸೆ ಆಗತ್ತೆ ಕಣೋ, ಮರಿ."

ಆಂಟಿ ಫೈನಲ್‌ಗೆ ಸೀಟಿ ಊದಿದಳು. ನಾನು ಹೋಗಿಬಿಡಬೇಕಿತ್ತು. ಹೋಗಲಿಲ್ಲ. ಅವರು ಸೋಲುವುದನ್ನು ನೋಡಿಕೊಂಡೇ ಹೋಗೋಣ ಅಂತ ಗೋಡೆಗೆ ಒರಗಿ ನಿಂತೆ.

ಎದುರಿನವರು ಗಟ್ಟಿಯಾಗಿದ್ದರು. ಹಂಡೆ ಬೇಗ ಬಿತ್ತು. ಒಳಗೊಳಗೇ ಹಿಗ್ಗಿದೆ. ಅಕ್ಕ ತನ್ನ ಎರಡನೆಯದನ್ನು ಇಳಿಸಿದಳು.

ನರಿಯಂಥ ಮೂತಿ. ಕಡ್ಡಿಯಂಥ ಕಾಲು. ನೀಲಿ ಮಿಂಚು.

ಕಿಡಿಯ ಜಾತಿಯದೇ. ಇದನ್ನು ಯಾವಾಗ ಸಾಕಿದಳು? ಒಂದೇ ಮನೆ, ಒಂದೇ ಸೋಫಾ, ನನಗೆ ಗೊತ್ತೇ ಇಲ್ಲ. ಅದಕ್ಕೊಂದು ಹೆಸರನ್ನೂ ಇಟ್ಟಿರಲಿಲ್ಲ. ಎದುರಿಗೆ ಎಡಗಡೆ ಒಂದು ಹಕ್ಕಿ ಇತ್ತು. ಆ ಹಕ್ಕಿ ನನಗೆ ಚೆನ್ನಾಗಿ ಗೊತ್ತು, ನನ್ನ ಕಿಡಿಗೂ ಅದಕ್ಕೂ ಒಂದೇ ಸ್ಪೀಡು, ಒಮ್ಮೆ ಅದು ಮುಂದೆ, ಒಮ್ಮೆ ಇದು ಮುಂದೆ. ಅಕ್ಕನದು ಪ್ರತಿ ಸಲವೂ ಹಕ್ಕಿಗಿಂತ ಮುಂದೆ ಹೋಯಿತು. ನಾನು ಸಾಕುವಾಗ ಕಿಡಿಯ ಸ್ಪೀಡಿನಿಂದ ಚೂರು ತೆಗೆದು ಏಟಿಗೆ ಹಾಕಿದ್ದೆ, ಜಾಸ್ತಿ ನೋವಾಗಲಿ ಅಂತ. ಅವಳು ಅಷ್ಟನ್ನೂ ಓಡೋದಕ್ಕೇ ಇಟ್ಟಿದ್ದಳು. ಅವಳು ಮಹಾಸಿಡಿಲು ಹಾಕಿದಾಗ ಕರಡಿಗೆ ಕವಚ ಇತ್ತು. ಅವಳು ಮೊದಲೇ ಅವನಿಗೆ ಹೇಳಿದ್ದಳು, ನನ್ನ ಕಣ್ಣೆದುರೇ, "ಈಗ" ಅಂತ. ಅಷ್ಟೇ. ಒಂದು ಮಾತು ಹೇಳಿದರೆ ಆಗುವ ಕೆಲಸ ಅದು.

ಅವಳು ಜೋರಾಗಿ ನಕ್ಕಳು. ಆ ನಗು ಅವಳು ನನ್ನ ಪಕ್ಕದಲ್ಲಿ ಕೂತಾಗ ಯಾವತ್ತೂ ಬಂದದ್ದಿಲ್ಲ. ಅದುವರೆಗೆ ನನ್ನ ಹೊಟ್ಟೆಕಿಚ್ಚು ಅವನ ಮೇಲಿತ್ತು. ಈಗ ಅವಳ ಮೇಲೂ ಬಂತು. ಅವಳು ನನಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು.

ಕೊನೆಗೆ ಉಳಿದದ್ದು ಎದುರಿಗೆ ಎಡಕ್ಕೆ ಹಕ್ಕಿ, ಬಲಕ್ಕೆ ಒಂದು ಕಲ್ಲುಗೂಳಿ, ಈ ಕಡೆ ಅಕ್ಕನ ನರಿಮೂತಿಯದು. ಮೂರರಲ್ಲೂ ಜೀವ ಕೂದಲೆಳೆಯಷ್ಟು. ಕರಡಿ ಆಗಲೇ ಬಿದ್ದಿತ್ತು, ಆಮೆಯೂ ಬಿದ್ದಿತ್ತು. ಅಕ್ಕನದಕ್ಕೆ ಮಹಾಸಿಡಿಲಿನ ಶಕ್ತಿ ಮುಗಿದು ಒಬ್ಬರಿಗೆ ತಾಗುವ ಏಟು ಮಾತ್ರ ಉಳಿದಿತ್ತು. ಅವಳು ಯೋಚಿಸುತ್ತಿದ್ದಳು. ಅವನು ಅವಳ ಕಡೆ ಬಾಗಿದ. ಬಾಯಿ ತೆರೆಯುತ್ತಿದ್ದ. ಅವನು ಹೇಳಿಬಿಡುತ್ತಾನೆ, ಅವಳು ಅವನ ಮಾತು ಕೇಳಿ ಗೆಲ್ಲುತ್ತಾಳೆ, ಆಮೇಲೆ ಜೀವನವಿಡೀ...

"ಎಡಗಡೆಗೆ ಹೊಡಿ, ಅಕ್ಕಾ!"

ಇಡೀ ಅಂಗಡಿ ನನ್ನ ಕಡೆ ತಿರುಗಿತು. ಆಂಟಿಯ ಸೀಟಿ ಕಿವಿ ಸೀಳಿತು. ನೋಡುವವರು ಆಡುವವರಿಗೆ ಹೇಳಿಕೊಡೋ ಹಾಗಿಲ್ಲ. ಅದು ಬಾಗಿಲ ಮೇಲೇ ಬರೆದಿದೆ.

"ಆಚೆ ನಡಿ! ಇನ್ನೊಂದು ಸಲ ಬಾಯಿ ಬಿಟ್ರೆ ನಿಮ್ಮಕ್ಕನ್ನೂ ಆಚೆ ಹಾಕ್ತೀನಿ."

ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಮೆಟ್ಟಿಲು ತಾನಾಗೇ ಇಳಿದುಹೋದೆ. ಕೆಳಗೆ ಟೈಲರ್ ಅಂಗಡಿ ಮುಚ್ಚಿತ್ತು. ಅದರ ಷಟರಿಗೆ ಬೆನ್ನು ಕೊಟ್ಟು ನಿಂತೆ. ಮೇಲೆ ನಿಶ್ಶಬ್ದ. ಆಮೇಲೆ ಗದ್ದಲ, ಕುರ್ಚಿ ಬಿದ್ದ ಸದ್ದು. ಗೆದ್ದವರು ಯಾರೋ ಗೊತ್ತಾಗಲಿಲ್ಲ.

ಬೋಳ ಇಳಿದು ಬಂದ. ಇನ್ನೂ ಮುಖ ಊದಿಸಿಕೊಂಡೇ ಇದ್ದ, ಆದರೆ ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳೋ ಆಸಾಮಿ ಅಲ್ಲ.

"ಗೆದ್ರು ಕಣೋ."

"ಎಡಕ್ಕೆ ಹೊಡೆದಳಾ?"

"ಗೆದ್ರು ಅಂದ್ನಲ್ಲ."

"ಅದನ್ನ ಕೇಳಿಲ್ಲ ನಾನು. ಎಡಕ್ಕೆ ಹೊಡೆದಳಾ, ಬಲಕ್ಕಾ?"

"ಬಲಕ್ಕೆ. ನೀನು ಅರಚಿದ್ದು ಅವರಿಗೂ ಕೇಳಿಸ್ತಲ್ಲ, ಹಕ್ಕಿಗೆ ಕವಚ ಹಾಕಿದ್ರು. ಎಡಕ್ಕೆ ಹೊಡೆದಿದ್ರೆ ಕತೆ ಮುಗೀತಿತ್ತು. ಹಂಗೇ ಆಗತ್ತೆ ಅಂತ ನಿಮ್ಮಕ್ಕನಿಗೆ ಗೊತ್ತಿತ್ತು, ಸೀದಾ ಗೂಳಿಗೆ ಕೊಟ್ಟಳು. ಮುಂದಿನ ಏಟಿಗೆ ಹಕ್ಕಿನೂ ಹೋಯ್ತು."

ನನ್ನ ಮಾತು ಕೇಳಲಿಲ್ಲ ಅವಳು. ಕೇಳದೇ ಗೆದ್ದಳು. ಮೇಲೆ ಯಾರೋ "ಹತ್ತಿರ ನಿಂತ್ಕೊಳ್ಳಿ, ಇನ್ನೂ ಹತ್ತಿರ" ಅನ್ನುತ್ತಿದ್ದರು. ಫೋಟೋ ತೆಗೆಯುತ್ತಿದ್ದಾರೆ.

"ಅವನೇನು ಹೇಳ್ದ?" ಅಂತ ಕೇಳಿದೆ.

"ಯಾರು?"

"ಕನ್ನಡಕದವನು. ಅವಳ ಕಡೆ ಬಗ್ಗಿದ್ನಲ್ಲ, ಏನಂದ?"

ಬೋಳ ತಲೆ ಸವರಿಕೊಂಡ. "ಅವನೂ ಎಡ ಅಂತಾನೇ ಬೆರಳು ತೋರಿಸ್ದ. ಇವಳು ಬೆರಳನ್ನ ಆ ಕಡೆ ತಳ್ಳಿಬಿಟ್ಟಳು."

"ತಳ್ಳಿಬಿಟ್ಟಳಾ?"

"ತಳ್ಳಿದಳು ಕಣೋ. ಯಾಕೆ?"

"ಏನಿಲ್ಲ," ಅಂದೆ. "ಇನ್ನೊಂದು ಸಲ ಹೇಳು. ಹೆಂಗೆ ತಳ್ಳಿದಳು?"