ಅಪ್ಪನನ್ನು ಹೊರಗಿಡುವ ಸಹಿ

ಸ್ವಲ್ಪ ತಡೆಯಿರಿ, ಇದೊಂದನ್ನು ಪೂರ್ತಿ ಕೇಳಿಬಿಡಿ, ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ — ಆದರೆ ಯಾರಿಗೆ ಹೇಳುತ್ತಿದ್ದೇನೆ, ಇಲ್ಲಿ ಇರುವುದು ನಾನು, ಕೋಚ್, ಮತ್ತು ಕಿಟಕಿ ಗಾಜಿಗೆ ಅಂಟಿಸಿದ ಆ ಕಾಗದದ ಟರ್ಕಿ ಕೋಳಿ, ನವೆಂಬರಿನ ಹಬ್ಬದ್ದು, ಫೆಬ್ರವರಿ ಬಂದರೂ ಯಾರೂ ಕಿತ್ತಿಲ್ಲ, ಒಂದು ರೆಕ್ಕೆ ಬಿಚ್ಚಿಕೊಂಡು ಹೀಟರಿನ ಗಾಳಿಗೆ ಪಟಪಟ ಅನ್ನುತ್ತಿದೆ, ಕೋಚ್ ಫೋನಿನಲ್ಲಿ ಯಾರಿಗೋ ಕಾರಿನ ಬಾನೆಟ್ಟಿಗೆ ಜಿಂಕೆ ಗುದ್ದಿದ್ದಕ್ಕೆ ಸಮಾಧಾನ ಹೇಳುತ್ತಿದ್ದಾರೆ, ನನ್ನ ಕಡೆ ಬೆರಳೆತ್ತಿ, ಒಂದೇ ನಿಮಿಷ ಮರಿ — ಶಾಲೆಯಲ್ಲಿ ನಮಗೆ ಸಾಫ್ಟ್‌ಬಾಲ್ ಕಲಿಸಿದವರು, ಈಗ ಒಹಾಯೊದ ಈ ಪುಟ್ಟ ಊರಿನ ಅರ್ಧ ಕಾರುಗಳಿಗೆ ವಿಮೆ ಮಾಡಿಸುವವರು, ಊರಿಗೆಲ್ಲ ಇನ್ನೂ ಕೋಚ್. ನಾನು ಮನೆಮನೆಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸುವವಳು, ಮಾತ್ರೆ ನುಂಗಿಸುವವಳು, ಕಾರಿಲ್ಲದಿದ್ದರೆ ಕೆಲಸವಿಲ್ಲ, ವಿಮೆಯಿಲ್ಲದಿದ್ದರೆ ಕಾರಿಲ್ಲ, ಪಾಲಿಸಿ ಇವತ್ತಿಗೆ ಮುಗಿಯುತ್ತದೆ, ಹೊಸದಕ್ಕೆ ಕಂಪನಿ ಕೇಳುತ್ತಿರುವುದು ಹಳೆಯದರ ಮೂರು ಪಟ್ಟು, ಅಷ್ಟು ನನ್ನ ಕೈಯಲ್ಲಿ ಆಗುವುದಿಲ್ಲ, ಮತ್ತೆ ನಾನು ಮಾಡಿದ್ದಾದರೂ ಏನು, ಕೆಂಪು ದೀಪ ದಾಟಿದವಳಲ್ಲ, ದಂಡ ಕಟ್ಟಿದವಳಲ್ಲ — ನೀನೇನೂ ಮಾಡಿಲ್ಲ ಮರಿ, ಹೋದ ವಾರ ಕೋಚ್ ಹೇಳಿದ್ದರು, ಮಾಡಿದ್ದು ನಿಮ್ಮಪ್ಪ, ಆದ್ರೆ ಒಂದೇ ಸೂರಿನ ಕೆಳಗೆ ಇದ್ದೀರಲ್ಲ, ಕಾರಿನ ಕೀ ಅಡುಗೆಮನೆ ಮೊಳೆಗೆ ನೇತಾಕಿರ್ತೀಯ, ನಿನ್ನ ಕೈಗೆ ಸಿಗೋದು ಅವನ ಕೈಗೂ ಸಿಗುತ್ತೆ, ಕಂಪನಿ ಯೋಚನೆ ಮಾಡೋದೇ ಹಾಗೆ.

ಅಪ್ಪ, ರಸೆಲ್ ಕ್ರೌಡರ್, ಹೋದ ಮಾರ್ಚಿನಲ್ಲಿ, ಮಾಜಿ ಸೈನಿಕರ ಸಭಾಂಗಣದಲ್ಲಿ ಶುಕ್ರವಾರದ ಮೀನೂಟ, ಈಸ್ಟರಿಗೆ ಮುಂಚಿನ ವ್ರತದ ದಿನಗಳು, ಮಾಂಸ ಬಿಟ್ಟವರು ಯಾರೂ ಬಿಯರ್ ಬಿಟ್ಟಿರಲಿಲ್ಲ, ಕರಿದ ಮೀನು, ಎಲೆಕೋಸಿನ ಪಚಡಿ, ಜಗ್ಗುಗಟ್ಟಲೆ ಬಿಯರ್, ಮನೆಗೆ ವಾಪಸಾಗುವಾಗ ಟ್ರಕ್ಕನ್ನು ಒಯ್ದು ಚರ್ಚಿನ ಬೋರ್ಡಿಗೆ ಗುದ್ದಿದ, ಎಲ್ಲರಿಗೂ ಸ್ವಾಗತ ಎಂದು ಬರೆದಿದ್ದ ಬೋರ್ಡು, ಯಾರಿಗೂ ಏಟಾಗಲಿಲ್ಲ, ಊರಿಗೆ ನಗು, ಅವರೇ ತಾನೇ ಕರೆದಿದ್ದು, ರಸ್ ಹೋದ, ಅದರಲ್ಲಿ ತಪ್ಪೇನು — ಅಮ್ಮ ನಗಲಿಲ್ಲ, ಕುಡಿದು ಓಡಿಸಿದವರಿಗೆ ಅಂತಲೇ ಇಲ್ಲಿ ಕೊಡುತ್ತಾರಲ್ಲ ಹಳದಿ ನಂಬರ್ ಪ್ಲೇಟು, ಕೆಂಪು ಅಕ್ಷರದ್ದು, ಅದು ಟ್ರಕ್ಕಿಗೆ ಬಂದ ದಿನ, ಆ ಹಳದಿ ತಗಡು ಕಟ್ಕೊಂಡು ನಾನು ಅಂಗಡಿಗೆ ಹೋಗಲ್ಲ, ಮಾರಿಬಿಡಿ ಅಂದಳು, ಅಪ್ಪ ಮಾರಿದ. ಅವತ್ತು ಆ ಸಭಾಂಗಣದಲ್ಲಿ ಬಡಿಸುತ್ತಿದ್ದವಳು ನಾನು, ಅಪ್ಪನ ಎದುರು ಕೂತು ಸಮಸಮ ಕುಡಿದವರು ಯಾರೆಂದು ನನಗೆ ಗೊತ್ತು, ಏ ರಸ್, ಇನ್ನೊಂದು ಬಗ್ಸೋ ಮಾರಾಯಾ, ಮೀನು ಹೊಟ್ಟೇಲಿ ಈಜಬೇಡ್ವಾ — ಅದು ಕೋಚ್, ಇದೇ ದಪ್ಪ ಉಂಗುರದ ಕೈ, ಇದೇ ನಗು, ಎದ್ದು ಹಾಡು ಗುನುಗುತ್ತ ತಮ್ಮ ಕಾರು ಹತ್ತಿ ಎಡಕ್ಕೆ ತಿರುಗಿದರು, ಅಪ್ಪ ಬಲಕ್ಕೆ, ಚರ್ಚು ಇದ್ದದ್ದು ಬಲಗಡೆ, ವ್ಯತ್ಯಾಸ ಅಷ್ಟೇ, ಇವರ ದಾಖಲೆ ಹಾಲಿನಷ್ಟು ಬಿಳುಪು, ಇವರ ಹೆಂಡತಿಯ ಪಾಲಿಸಿ ಕಾಸೂ ಏರಿಲ್ಲ, ನಾನು ಮಾತ್ರ ಇಲ್ಲಿ ಕೋಳಿ ನೋಡುತ್ತ ಕೂತಿದ್ದೇನೆ.

ಬೇಸಿಗೆಯಿಂದ ಅಪ್ಪ ಒಂದು ಹನಿ ಮುಟ್ಟಿಲ್ಲ, ಲೈಸೆನ್ಸ್ ವಾಪಸ್ ಬಂದಿದೆ, ಸುಣ್ಣಕಲ್ಲಿನ ಕ್ವಾರಿಯವರು ಸೋಮವಾರದಿಂದ ಬಾ ಅಂದಿದ್ದಾರೆ, ಸಂಜೆ ಪಾಳಿ, ಬಿಡುವುದು ನಡುರಾತ್ರಿ ದಾಟಿ, ನಸುಕಿಗೇ ಕೆಲಸಕ್ಕೆ ಏಳುವ ನಾನು ಕರೆತರಲಾರೆ, ಬಸ್ಸೇ ಇಲ್ಲದ ಊರು, ನಾನು ಮನೆಗೆ ಬಂದ ಮೇಲೆ ಕಾರು ಸುಮ್ಮನೆ ನಿಂತಿರುತ್ತದೆ, ಕ್ಯಾಪ್ಟನ್, ಅಂದ ಅಪ್ಪ, ಚಿಕ್ಕಂದಿನಿಂದ ನನ್ನನ್ನು ಕರೆಯುವುದೇ ಹಾಗೆ, ಕಾರು ನಿಂದು, ನೀನು ಹೂಂ ಅಂದ್ರೆ ಮಾತ್ರ, ಇಲ್ಲಾಂದ್ರೆ ಇಲ್ಲ — ನಾನು ವಿಮೆಯ ಮಾತು ಎತ್ತಿದೆ, ಅಪ್ಪ ಗದ್ದ ಕೆರೆದುಕೊಂಡು ಕೇಳಿದ, ಒಂದೇ ಸೂರು ಅನ್ನೋದು ತಾನೇ ಅವರ ತಕರಾರು, ಸೂರು ಬೇರೆ ಮಾಡಿದ್ರೆ ಆಯ್ತಲ್ಲ, ಮಾರನೆಯ ದಿನವೇ ಹಾಸಿಗೆ ಸುತ್ತಿಕೊಂಡು ಹಿತ್ತಲಲ್ಲಿದ್ದ ಕ್ಯಾಂಪರ್ ಗಾಡಿಗೆ ಹೋದ, ಮೀನು ಹಿಡಿಯಲು ಹೋದಾಗ ಒಳಗೇ ಮಲಗಲೆಂದು ಕೆರೆಗೆ ಎಳೆದೊಯ್ಯುತ್ತಿದ್ದ ಗಾಡಿ, ಬಾಗಿಲಿಗೆ ಟ್ರ್ಯಾಕ್ಟರಿನ ಕೆಂಪು ಬಣ್ಣದಲ್ಲಿ ತಾನೇ ನಂಬರು ಬರೆದ, ನಮ್ಮ ಮನೆ ನಾಲ್ಕುನೂರ ಹದಿನೆಂಟು, ಅವನದು ನಾಲ್ಕುನೂರ ಹದಿನೆಂಟೂವರೆ, ಊರಲ್ಲಿ ಗ್ಯಾರೇಜಿನ ಮೇಲಿನ ಬಾಡಿಗೆ ಕೋಣೆಗಳಿಗೆ ಇರುತ್ತದಲ್ಲ ಅಂಥದ್ದು, ಅಮ್ಮ ಅಡುಗೆಮನೆ ಕಿಟಕಿಯಿಂದ, ಅರ್ಧ ಮನುಷ್ಯನಿಗೆ ಅರ್ಧ ನಂಬರು, ಸರಿಯಾಗೇ ಇದೆ, ಅಪ್ಪ ಬ್ರಷ್ ಒರೆಸುತ್ತ, ಪೂರ್ತಿ ಆಗೋಕೆ ಟೈಮ್ ಬೇಕು ಕಣೇ. ಮೊದಲೆಲ್ಲ ಎರಡು ಬಿಯರ್ ಒಳಗೆ ಹೋದರೆ ಅಪ್ಪನ ಕೈ ಬಂಡೆ, ಪಟ್ಟಿ ಇಡದೆ ಗೆರೆ ಎಳೆಯುತ್ತಿದ್ದ, ಬಿಟ್ಟ ಮೇಲೆ ನಡುಗುತ್ತದೆ, ಆ ಅರ್ಧದಲ್ಲಿ ಒಂದಕ್ಕೂ ಎರಡಕ್ಕೂ ನಡುವೆ ಎಳೆದ ಗೆರೆ ಎಷ್ಟು ಸೊಟ್ಟಗಿದೆಯೆಂದರೆ ಅದನ್ನು ನೋಡಿದಾಗಲೇ ನನಗೆ ನಂಬಿಕೆ ಬಂದದ್ದು, ಇವನು ನಿಜವಾಗಿ ಕುಡಿದಿಲ್ಲ.

ಕೋಚ್ ಫೋನ್ ಇಟ್ಟರು, ನಾನು ಕ್ಯಾಂಪರಿನ ವಿಷಯ ಹೇಳಿದೆ, ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಹಿತ್ತಲಲ್ಲಿ ನಿಂತಿರೋ ಗಾಡಿ ಬೇರೆ ಮನೆ ಆಗುತ್ತೇನೇ ಮರಿ, ಹಾಗಿದ್ರೆ ನಮ್ಮ ನಾಯಿ ಗೂಡಿಗೂ ಒಂದು ನಂಬರ್ ಕೊಡ್ಬೇಕಾಗುತ್ತೆ, ರಸ್ ಅಂದ್ರೆ ರಸ್ಸೇ ಬಿಡು — ಕಣ್ಣೊರೆಸಿಕೊಂಡು ಹಾಳೆಯನ್ನು ನನ್ನ ಕಡೆ ತಿರುಗಿಸಿದರು, ಇದಕ್ಕೆ ಸಹಿ ಹಾಕು, ಅವನನ್ನ ನಿನ್ನ ಪಾಲಿಸಿಯಿಂದ ಹೆಸರು ಹಿಡಿದು ಹೊರಗಿಟ್ಟ ಹಾಗೆ, ನಿನ್ನ ಕಂತು ಮೊದಲಿನಷ್ಟೇ, ಆದ್ರೆ ಇನ್ಮೇಲೆ ಅವನು ನಿನ್ನ ಸ್ಟೀರಿಂಗ್ ಮುಟ್ಟೋ ಹಾಗಿಲ್ಲ, ಒಂದೇ ಒಂದ್ಸಲ ಓಡಿಸಿ ಏನಾದ್ರೂ ಆಯ್ತೋ, ಕಂಪನಿ ಬಿಡಿಗಾಸು ಕೊಡಲ್ಲ, ಎಲ್ಲಾ ನಿನ್ನ ತಲೆ ಮೇಲೆ. ಸೋಮವಾರ ಅವನಿಗೆ ಕ್ವಾರಿ ಕೆಲಸ ಶುರು ಕೋಚ್, ನನ್ನ ಕಾರು ಬಿಟ್ರೆ ಬೇರೆ ದಾರಿಯಿಲ್ಲ. ಹಾಗಾದ್ರೆ ಮೂರು ಪಟ್ಟು ಕಟ್ಟು. ಆಗಲ್ಲ. ಗೊತ್ತು ಮರಿ. ಕೋಳಿಯ ರೆಕ್ಕೆ ಪಟಪಟ, ನನ್ನ ಬಾಯಿಂದ ಬಂದೇಬಿಟ್ಟಿತು, ಅವತ್ತು ಆ ಟೇಬಲ್ಲಲ್ಲಿ ನೀವೂ ಇದ್ರಿ — ಕೋಚ್ ಉಂಗುರ ತಿರುಗಿಸಿದರು, ಒಂದು ಸಲ, ಇನ್ನೊಂದು ಸಲ, ಇದ್ದೆ, ಅಂದರು ಮೆಲ್ಲಗೆ, ಆದ್ರೆ ನನ್ನ ಹೆಸರು ಎಲ್ಲೂ ಬರೆದಿಲ್ವಲ್ಲ, ಪೆನ್ನಿನ ಕ್ಯಾಪ್ ತೆಗೆದು ನನ್ನ ಬೆರಳುಗಳ ನಡುವೆ ಇಟ್ಟರು, ಸಾಫ್ಟ್‌ಬಾಲ್ ಹಿಡಿಯುವುದನ್ನು ಕಲಿಸಿದ ಹಾಗೆ, ಮೊದಲು ಅವನ ವಿಳಾಸ ಬರಿ, ನಿಂದೇ ತಾನೇ, ಕೆಳಗೆ ನಿನ್ನ ಸಹಿ, ಮುಗೀತು. ಬರೆಯುತ್ತೇನೆ, ನಾಲ್ಕುನೂರ ಹದಿನೆಂಟು, ಪೆನ್ನು ಅಲ್ಲೇ ನಿಲ್ಲುತ್ತದೆ, ಆ ಎಂಟರ ಪಕ್ಕ ಖಾಲಿ ಜಾಗ, ಅಲ್ಲಿ ಕೆಂಪು ಅರ್ಧ, ಸೊಟ್ಟ ಗೆರೆ, ಎರಡರ ಬಾಲದಿಂದ ಇಳಿದು ಒಣಗಿದ ಒಂದು ಬಣ್ಣದ ಹನಿ, ಸಹಿ ಹಾಕಿದರೆ ನನ್ನ ಮುದುಕರು ಸೋಮವಾರ ಬೆಳಿಗ್ಗೆ ಸ್ನಾನ ಮಾಡುತ್ತಾರೆ, ಸಂಜೆ ಅಪ್ಪ ಆ ಬಾಗಿಲ ಹಿಂದೆಯೇ ಕೂತಿರುತ್ತಾನೆ, ಹಾಕದಿದ್ದರೆ ಇಬ್ಬರೂ ಕೂತಿರುತ್ತೇವೆ, ಕೆಂಪು ಅರ್ಧ, ಸೊಟ್ಟ ಗೆರೆ, ಹನಿ, ಹೂಂ ಬರಿ ಮರಿ ಅನ್ನುತ್ತಿದ್ದಾರೆ, ಸೊಟ್ಟ ಗೆರೆ, ಆ ಸೊಟ್ಟ ಗೆರೆ — ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?