ಜೇಬಿಗಿಳಿದ ಕನ್ನಡಕ

ವರ್ಷಕ್ಕೊಮ್ಮೆ ಬೀದಿಯ ಗಂಡಸರಿಗೆಲ್ಲ ಶೌರ್ಯ ಉಕ್ಕುವ ದಿನವೊಂದಿದೆ. ಇಲಿ ಕಂಡರೆ ಮಂಚ ಹತ್ತುವವನೂ ಅಂದು ಪಟಾಕಿಯನ್ನು ಕೈಯಲ್ಲೇ ಹಿಡಿದು ಹಚ್ಚುತ್ತಾನೆ. ಈ ಶೂರರ ದಂಡಿಗೆ ನಾಯಕ, ಬೀದಿಯ ದರ್ಜಿಯವಳೊಬ್ಬಳ ಸ್ವಂತ ಅಣ್ಣ. ಆ ರಜೆಯ ಸಂಜೆ ಪಟಾಕಿಯ ಪೆಟ್ಟಿಗೆ ಹೊತ್ತು ತಂಗಿಯ ಮನೆ ಮುಂದೆ ನಿಂತಾಗ, ಕೋಟೆ ಗೆದ್ದು ಬಂದವನೂ ಅಷ್ಟು ಬೀಗಲಾರ.

ಅವಳಿಗೆ ಅಣ್ಣನ ಚಿಂತೆ ಇರಲಿಲ್ಲ. ಅವನ ತಲೆಯಲ್ಲಿ ಹಾಳಾಗುವಂಥದ್ದು ಏನೂ ಇಲ್ಲವೆಂದು ಚಿಕ್ಕಂದಿನಿಂದಲೇ ಗೊತ್ತು. ಚಿಂತೆಯೆಲ್ಲ ಗಂಡನ ಬಗ್ಗೆ. ಗಂಡ ವೆಲ್ಡರ್, ಅಂಗಡಿಯಲ್ಲಿ ಮುಖಕ್ಕೆ ಮರೆಯಿಲ್ಲದೆ ಒಂದು ಕಿಡಿಯನ್ನೂ ಹಾರಿಸುವವನಲ್ಲ. ಆದರೆ ಹೆಂಡತಿಯ ಅಣ್ಣ ಬಂದನೆಂದರೆ ಅವನ ಬುದ್ಧಿ ಹುಲ್ಲು ಮೇಯಲು ಹೋಗುತ್ತದೆ.

ಅದಕ್ಕೇ ಅವಳು, ಅವನು ಕಬ್ಬಿಣ ಉಜ್ಜುವಾಗ ಹಾಕುವ ಬಿಳಿ ಗಾಜಿನ ಕನ್ನಡಕವನ್ನು ತಂದು ಅವನ ಮೂಗಿನ ಮೇಲಿಟ್ಟಳು. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಪಟಾಕಿಗೆ ಕನ್ನಡಕವಂತೆ, ನಾಳೆ ಊಟಕ್ಕೆ ಕೈಗವಸು ಹಾಕಿಸುತ್ತಾಳೆ ಅಂದ. ಅಕ್ಕಪಕ್ಕದವರೂ ನಕ್ಕರು. ಗಂಡ ಕನ್ನಡಕ ತೆಗೆದು ಮೆಲ್ಲಗೆ ಅಂಗಿಯ ಜೇಬಿಗೆ ಇಳಿಬಿಟ್ಟ. ಆ ಜೇಬನ್ನು ಜೋಡಿ ಹೊಲಿಗೆ ಹಾಕಿ ಹೊಲಿದವಳೂ ಅವಳೇ.

ಆಮೇಲೆ ಗಂಡ ದೊಡ್ಡದೊಂದು ಪಟಾಕಿ ಹಚ್ಚಿದ. ಬತ್ತಿ ಸುರ್ರೆಂದಿತು, ಹೊಗೆಯಾಡಿತು, ಸುಮ್ಮನಾಯಿತು.

“ಠುಸ್,” ಅಂದ ಅಣ್ಣ. “ಹಚ್ಚಿದೋನ ಥರಾನೇ.”

ಅಷ್ಟು ಸಾಕಾಯಿತು. ಗಂಡ ಪಟಾಕಿಯ ಕಡೆ ನಡೆದೇಬಿಟ್ಟ. ಹತ್ತಿರ ಹೋಗಬೇಡಿ, ದೂರದಿಂದ ನೀರು ಸುರಿಯಿರಿ ಎಂದು ಅವಳು ಕೂಗಿಕೊಂಡಳು. ಹೆಂಡತಿಯ ಮಾತು ಕೇಳಿದರೆ ಮೀಸೆ ಉದುರಿಹೋಗುತ್ತದಲ್ಲ! ಬಾಗಿ ಬತ್ತಿಗೆ ಊದಿದ. ಠುಸ್ ಅನ್ನಿಸಿಕೊಳ್ಳಲು ಪಟಾಕಿಗೂ ಇಷ್ಟವಿರಲಿಲ್ಲವೇನೋ, ಸಿಡಿಯಿತು.

ಗಂಡ ಬಲಗಣ್ಣು ಹಿಡಿದುಕೊಂಡು ಕುಸಿದ. ಶೂರರ ದಂಡು ಒಂದೇ ಕ್ಷಣದಲ್ಲಿ ವೈದ್ಯರ ದಂಡಾಯಿತು. ಒಬ್ಬ ನೀರು ಎರಚಿ ಅಂದ, ಇನ್ನೊಬ್ಬ ಉಜ್ಜಿ ಅಂದ, ಅಣ್ಣ ಒಳಗಿಂದ ಎಣ್ಣೆಯ ಬಟ್ಟಲನ್ನೇ ತಂದ.

“ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೋಳು ನಾನು,” ಅಂದಳು ಅವಳು. “ನೀನು ಇವರ ಕಣ್ಣಿಗೆ ಬೇರೆ ಬಿಡಬೇಡ. ಬಟ್ಲು ಕೆಳಗಿಡು.”

ಗಂಡನ ಕೈ ಕಣ್ಣಿಗೆ ಹೋಗದಂತೆ ಹಿಡಿದಳು. ಕಣ್ಣಿಗೆ ತಾಗದ ಹಾಗೆ ಒಂದು ಕಾಗದದ ಲೋಟ ಮುಚ್ಚಿ, ಬಟ್ಟೆಯ ಪಟ್ಟಿಯಿಂದ ಕಟ್ಟಿದಳು. ಸಾವಿರ ಗುಂಡಿ ಹೊಲಿದವಳು ಅಂದು ಒಂದು ಗಂಟನ್ನು ಮೂರು ಸಲ ಬಿಚ್ಚಿ ಹಾಕಿದಳು. ಕಣ್ಣು ಹೋದರೆ ಅವನ ಕಸುಬೂ ಹೋಯಿತು ಎಂಬ ಭಯದಲ್ಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ಬಹಳ ಹೊತ್ತು ನೋಡಿದರು. ಆ ಕಣ್ಣಿಗೆ ಬೆಳಕು ಕತ್ತಲೆ ತಿಳಿದರೆ ಅದೇ ಹೆಚ್ಚು ಅಂದರು. ಹೊರಗೆ ಅಣ್ಣ ಯಾರಿಗೋ, ತಾನು ಬೇಡ ಬೇಡವೆಂದು ಬಡಿದುಕೊಂಡರೂ ಇವನು ಕೇಳಲಿಲ್ಲ ಎಂದು ಹೇಳುತ್ತಿದ್ದುದು ಕೇಳಿಸುತ್ತಿತ್ತು. ಅಟ್ಟ ಮೇಲೆ ಒಲೆ ಉರಿದರೂ ಅಣ್ಣನಿಗೆ ಕೆಟ್ಟ ಮೇಲೂ ಬುದ್ಧಿ ಬರಲಿಲ್ಲ.

ಮನೆಯಲ್ಲಿ ಒಂದು ಕನ್ನಡಕವೂ ಇರಲಿಲ್ಲವೇ ಎಂದು ಡಾಕ್ಟರು ಕೇಳಿದರು. ಅವಳು ಗಂಡನ ಜೇಬಿಗೆ ಕೈಹಾಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಗಾಜಿನ ಮೇಲೆ ಒಂದು ಗೀರೂ ಇರಲಿಲ್ಲ.

“ಇತ್ತು ಡಾಕ್ಟ್ರೇ, ಜೇಬಿಗೆ ಹಾಕಿದ್ರು,” ಅಂದಳು. “ನೋಡಿ, ಜೇಬಿಗೆ ಏನೂ ಆಗಿಲ್ಲ.”